ಸಂಸದರು ಆರೋಗ್ಯ ಸೇವೆ ಬಗ್ಗೆ ಲೋಕಸಭೆಯಲ್ಲಿ ಏನು ಕೇಳಿದ್ದಾರೆ ಅಂತ ನೋಡುವುದು ಹೇಗೆ?

ಮಳೆಹನಿ:
ನಮ್ಮ ಸಂಸದರ ಕಡೆಯವರು ಕರಪತ್ರ ಹಂಚುತ್ತಿದ್ದಾರೆ. ಆರೋಗ್ಯದ ಬಗ್ಗೆ ಲೋಕಸಭೆಯಲ್ಲಿ ರಾಶಿ ಪ್ರಶ್ನೆ ಕೇಳಿದ್ದಾರಂತೆ. ಇಲ್ಲಿ ನೋಡಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಇಲ್ಲ, ಸಿಸೇರಿಯನ್ ಅಂದ ತಕ್ಷಣ ಆಂಬುಲೆನ್ಸ್ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಇವರು ಕೇಳಿದ್ದೇನು, ಮಂತ್ರಿ ಹೇಳಿದ್ದೇನು ಅಂತ ಪೂರ್ತಿ ಓದಬೇಕು, ಎಲ್ಲಿ ಸಿಗುತ್ತದೆ? ಪ್ರಶ್ನೆ ಜಾಸ್ತಿ ಇದ್ದರೆ ಕೆಲಸ ಮಾಡಿದ್ದಾರೆ ಅಂತಲೇ ಅರ್ಥನಾ?

ಕಲಾಪ_ಓದುಗ:
ಸಂಸತ್ತಿನ ಜಾಲತಾಣದಲ್ಲಿ ಸಂಸದರ ಹೆಸರು ಹಾಕಿ ಹುಡುಕಿ. ಪ್ರಶ್ನೆ, ಉತ್ತರ ಎರಡೂ ಪಿಡಿಎಫ್‌ನಲ್ಲಿವೆ.

ಸಂಖ್ಯೆ ಮಾತ್ರ ನಂಬಬೇಡಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಲ್ಲಿ ಉತ್ತರಿಸಬೇಕಾದವು), 230 ಚುಕ್ಕೆ ರಹಿತ ಪ್ರಶ್ನೆ ಇರುತ್ತವೆ. ಚುಕ್ಕೆ ರಹಿತಕ್ಕೆ ಬರೀ ಲಿಖಿತ ಉತ್ತರ, ಎದ್ದು ನಿಂತು ಉಪಪ್ರಶ್ನೆ ಕೇಳುವ ಅವಕಾಶವೇ ಇಲ್ಲ. ಒಂದೇ ಪ್ರಶ್ನೆಗೆ ನಾಲ್ಕೈದು ಸಂಸದರ ಹೆಸರು ಸೇರಿರುವುದೂ ಉಂಟು. ಉತ್ತರಗಳನ್ನು ಓದುತ್ತಾ ಹೋಗಿ, ಮೊದಲ ಸಾಲು ಎಷ್ಟೋ ಕಡೆ ಒಂದೇ: ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ವಿಷಯ. ಆಮೇಲೆ, ರಾಜ್ಯಗಳು ಕಳಿಸಿದ ಪ್ರಸ್ತಾವನೆ ನೋಡಿಕೊಂಡು ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ನೆರವು ಕೊಡುತ್ತೇವೆ ಅಂತ. "ಖಾಲಿ ಹುದ್ದೆ ಎಷ್ಟು, ಸರ್ಕಾರದ ಕ್ರಮವೇನು" ಅಂತ ಕೇಳಿದರೆ ಇಷ್ಟೇ ಸಿಗುವುದು. ಆ ಪ್ರಸ್ತಾವನೆಯಲ್ಲಿ ನಮ್ಮ ರಾಜ್ಯ ಎಷ್ಟು ತಜ್ಞ ವೈದ್ಯರನ್ನು ಕೇಳಿತ್ತು, ಎಷ್ಟಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಹಿಡಿದು ಕೇಳಿದವರು ನನ್ನ ಲೆಕ್ಕದಲ್ಲಿ ಕೆಲಸ ಮಾಡಿದವರು. ಅಂಥ ಒಂದು ಪ್ರಶ್ನೆ ಸಿಕ್ಕರೂ ಸಾಕು.

ಹಳೇಸೇತುವೆ:
ಆರೋಗ್ಯ ಸಚಿವಾಲಯ ಅಂತ ಮಾತ್ರ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಔಷಧಿ ಬೆಲೆ, ಜನೌಷಧಿ ಕೇಂದ್ರ ಎಲ್ಲ ರಸಗೊಬ್ಬರ ಮತ್ತು ರಾಸಾಯನಿಕ ಸಚಿವಾಲಯದ ಕೆಳಗೆ ಬರುತ್ತವೆ. 2017ರಲ್ಲಿ ಹೃದಯದ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ್ದೂ ಆ ಸಚಿವಾಲಯದ ಕೆಳಗಿನ ಔಷಧಿ ಬೆಲೆ ಪ್ರಾಧಿಕಾರವೇ. ಇಎಸ್ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆ ಕಾರ್ಮಿಕ ಸಚಿವಾಲಯದ್ದು. ನಿಮ್ಮ ಸಂಸದರು ಮಂತ್ರಿಯಾಗಿದ್ದರೆ ಆ ಅವಧಿಯಲ್ಲಿ ಪ್ರಶ್ನೆ ಇರುವುದಿಲ್ಲ, ಅದನ್ನು ಕೊರತೆ ಅಂತ ಎಣಿಸಬೇಡಿ. ಪ್ರಶ್ನೆಗಳಲ್ಲದೆ ಸಂಸದರು ಸದನದಲ್ಲಿ ವಿಷಯ ಎತ್ತುವ ದಾರಿಗಳಾದ ಶೂನ್ಯ ವೇಳೆ, ನಿಯಮ 377ರಲ್ಲಿ ಎತ್ತಿದ ವಿಷಯಗಳನ್ನೂ ಬೇರೆಯಾಗಿ ನೋಡಿ.

ಮಳೆಹನಿ:
ನೋಡಿದೆ. ಎಲ್ಲ ಚುಕ್ಕೆ ರಹಿತ, ಜಾಸ್ತಿ ಏಮ್ಸ್ ಬಗ್ಗೆಯೇ. ತಾಲ್ಲೂಕು ಆಸ್ಪತ್ರೆಯ ತಜ್ಞ ವೈದ್ಯರ ಬಗ್ಗೆ ಒಂದೂ ಇಲ್ಲ. ತುಂಬಾ ಬೇಜಾರಾಯಿತು.

ಕಲಾಪ_ಓದುಗ:
ಹಾಗಾದರೆ ದಿಶಾ ಸಭೆ ಕಡೆ ತಿರುಗಿ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ಸಮಿತಿ ಅದು, ಆರೋಗ್ಯ ಅಭಿಯಾನವೂ ಅದರ ಪಟ್ಟಿಯಲ್ಲಿದೆ, ಅಧ್ಯಕ್ಷರು ಲೋಕಸಭಾ ಸದಸ್ಯರೇ. ಡಿಎಚ್ಒ (ಜಿಲ್ಲಾ ಆರೋಗ್ಯಾಧಿಕಾರಿ) ಎದುರಿಗೇ ಕೂತಿರುತ್ತಾರೆ. ಅಲ್ಲಿ ಅರಿವಳಿಕೆ ಡಾಕ್ಟರ್ ವಿಷಯ ಎತ್ತಿದ್ದಾರಾ ಇಲ್ಲವಾ ಅನ್ನುವುದು ಸಭೆಯ ನಡಾವಳಿಯಲ್ಲಿ ಇರಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಜಿಲ್ಲಾ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಬರೆಯುವುದಕ್ಕೆ ಬೇಕಿದ್ದರೆ ಹೇಳಿ, ಖಂಡಿತ ಸಹಾಯ ಮಾಡುತ್ತೇನೆ.