ಪದಚರ್ಚೆ: ‘ರಾಂತ್ಯೇರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್ ಬಗ್ಗೆ ಹೈಸ್ಕೂಲು ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎಲ್ಲ ಸಲೀಸಾಗಿ ಸಾಗಿ, ಕೊನೆಯಲ್ಲಿ ಒಂದೇ ಒಂದು ಪದದ ಹತ್ತಿರ ಗಾಡಿ ನಿಂತಿದೆ. ಆಕೆ ಪ್ಯಾರಿಸಿನಲ್ಲಿ 1831ರ ಜೂನ್ 27ರಂದು ತೀರಿಕೊಂಡಾಗ ಸಾವಿನ ಸರ್ಕಾರಿ ದಾಖಲೆಯಲ್ಲಿ ಕಸುಬು ಅಂತ ಬರೆದದ್ದು ‘ರಾಂತ್ಯೇರ್’. ಗಣಿತದ ಸುದ್ದಿಯೇ ಇಲ್ಲ.

ದುಡಿಮೆಯಿಂದಲ್ಲ, ಆಸ್ತಿಯಿಂದಲೋ ಬಡ್ಡಿಯಿಂದಲೋ ಬರುವ ಹಣದಲ್ಲಿ ಬದುಕುವ ಹೆಂಗಸು ರಾಂತ್ಯೇರ್. ಗಂಡಸಾದರೆ ‘ರಾಂತ್ಯೇ’. ಇಂಗ್ಲಿಷಿನ ರೆಂಟ್ ನೆನಪಾಗಿ ‘ಬಾಡಿಗೆದಾರಳು’ ಅಂದರೆ ಅರ್ಥ ತಿರುಗುಮುರುಗು. ಬಾಡಿಗೆದಾರರು ಹಣ ಕೊಡುವವರು, ಈಕೆ ಪಡೆಯುವವಳು. ‘ಗೇಣಿದಾರ’ನದೂ ಅದೇ ಕಥೆ. ‘ವರ್ಷಾಶನ’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಅರಮನೆಯವರು ಮಠಕ್ಕೋ ವಿದ್ವಾಂಸರಿಗೋ ಕೊಡುವ ವಾಸನೆ ಇದೆ. ಸೋಫಿ ಬದುಕಿದ್ದು ರೇಷ್ಮೆ ವ್ಯಾಪಾರಿಯಾಗಿದ್ದ ಅಪ್ಪನ ಮನೆಯ ಹಣದಲ್ಲಿ.

‘ಕೂತು ಉಣ್ಣುವವಳು’ ಅನ್ನಬಹುದು. ಆದರೆ ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು ಅಂತ ಬೈಯುವುದಕ್ಕೇ ನಾವು ಆ ಮಾತು ಬಳಸುವುದು. ಈಕೆ ಕೂತಿದ್ದು ಹೌದು, ಉಣ್ಣೋಕಲ್ಲ. ಹುಡುಗಿಯಾಗಿದ್ದಾಗ ರಾತ್ರಿ ಓದಬಾರದು ಅಂತ ಹೆತ್ತವರು ಬೆಂಕಿ ಆರಿಸಿ, ಮೇಣದಬತ್ತಿ, ಬಟ್ಟೆ ಎಲ್ಲ ಎತ್ತಿಡುತ್ತಿದ್ದರಂತೆ. ಬಚ್ಚಿಟ್ಟ ಬತ್ತಿ ಹಚ್ಚಿಕೊಂಡು, ಹೊದಿಕೆ ಸುತ್ತಿಕೊಂಡು ಓದುತ್ತಿದ್ದಳು. ಚಳಿಗೆ ಮಸಿ ಕುಡಿಕೆಯಲ್ಲೇ ಗಟ್ಟಿಯಾಗಿರುತ್ತಿತ್ತಂತೆ.

ದೊಡ್ಡವಳಾದ ಮೇಲೂ ಅಷ್ಟೇ. ಲೋಹದ ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ರಂಗೋಲಿ ಎಳೆಯ ಹಾಗೆ ಗೆರೆಗಟ್ಟಿ ನಿಲ್ಲುತ್ತದೆ. ಯಾಕೆ ಹಾಗೆ, ಗಣಿತದಲ್ಲಿ ಹೇಳಿ ಅಂತ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಬಹುಮಾನ ಇಟ್ಟಿತ್ತು. 1811ರಲ್ಲಿ ಸಿಗಲಿಲ್ಲ, 1813ರಲ್ಲೂ ಕೈತಪ್ಪಿತು. 1816ರಲ್ಲಿ ಆಕೆಗೇ ಬಂತು. ಫರ್ಮಾ ಅನ್ನೋ ಗಣಿತಜ್ಞನ ಪ್ರಮೇಯದ ಮೇಲೆ ಮಾಡಿದ ಕೆಲಸ ಬೇರೆ.

ಹಾಗಂತ ಗುಮಾಸ್ತ ಸುಳ್ಳು ಬರೆದ ಅನ್ನೋಕೂ ಆಗದು. ಅವನ ಲೆಕ್ಕದಲ್ಲಿ ಕಸುಬು ಅಂದರೆ ಹೊಟ್ಟೆಪಾಡು. 1794ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಪಾಲಿಟೆಕ್ನಿಕ್ ಅನ್ನೋ ಉನ್ನತ ವಿದ್ಯಾಸಂಸ್ಥೆಗೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಲ ಬ್ಲಾಂ ಅನ್ನೋ ಗಂಡಸಿನ ಹೆಸರಿಟ್ಟುಕೊಂಡು ಆ ಕಾಲದ ದೊಡ್ಡ ಗಣಿತಜ್ಞರಾದ ಲಗ್ರಾಂಜ್‌ಗೆ ಮೊದಲು, ಆಮೇಲೆ ಗೌಸ್‌ಗೆ ಬರೆದವಳು ಈಕೆ. ಸಂಬಳದ ಹುದ್ದೆ ಎಲ್ಲಿಂದ ಬರಬೇಕು? ಅದಕ್ಕೇ ನನಗೆ ಬೈಗುಳವಲ್ಲದ, ಕಚೇರಿ ಕಡತದಲ್ಲಿ ಸುಮ್ನೆ ಕೂರುವಂಥ ಪದ ಬೇಕು. ಆ ತಣ್ಣನೆ ಧಾಟಿಯೇ ಮಕ್ಕಳಿಗೆ ಚುರುಕ್ ಅನ್ನಿಸಬೇಕು, ಅಲ್ವಾ? ನಾನು ಮೇಲೆಬಿದ್ದು ಸಿಟ್ಟು ಸೇರಿಸಿದರೆ ಕೆಟ್ಟಿತು.

ಸದ್ಯಕ್ಕೆ ‘ಆಸ್ತಿಯ ಆದಾಯದಲ್ಲಿ ಜೀವನ’ ಅಂತ ಹಾಕಿದ್ದೇನೆ. ಉದ್ದ ಜಾಸ್ತಿಯಾಯಿತು, ಹೆಣ್ಣು ಅಂತಲೂ ತಿಳಿಯುವುದಿಲ್ಲ. ಹಳೆಯ ಕ್ರಯಪತ್ರ, ಕಂದಾಯದ ಕಡತ ನೋಡಿ ಪಳಗಿದವರು ಈ ಗುಂಪಿನಲ್ಲಿದ್ದೀರಿ. ಜಮೀನಿನ ಹುಟ್ಟುವಳಿಯಲ್ಲೋ ಬಡ್ಡಿಯಲ್ಲೋ ಬದುಕಿದ ವಿಧವೆಯರು, ಮದುವೆಯಾಗದ ಹೆಂಗಸರು ಅಲ್ಲಿ ಬಂದರೆ ಕಸುಬು ಅಂತ ಏನು ಬರೆದಿರುತ್ತದೆ? ನೋಡಿದ್ದರೆ ಪದವನ್ನು ಇದ್ದ ಹಾಗೇ, ಊರಿನ ಸಮೇತ ತಿಳಿಸಿ.