ಗುಂಡನಿಗೆ ಉಚ್ಚೆ ಕಟ್ಟಿದ ಭಾನುವಾರ ನಮ್ಮನೆ ಗ್ರೂಪಲ್ಲಿ ಆದ ಮಾತು

ಆಷಾಢದ ಮಳೆ ಹಿಡಿದಿದ್ದ ಒಂದು ಭಾನುವಾರ ಸಂಜೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಆದದ್ದು ಇದು. ಗುಂಡ ಅಂದ್ರೆ ನಮ್ಮ ಚಿಕ್ಕಿ ಸಾಕಿರೋ ಗಂಡು ಬೆಕ್ಕು. ಚಿಕ್ಕಿನ ಕೇಳಿಯೇ ಹಾಕ್ತಾ ಇದೀನಿ, ಗಂಡು ಬೆಕ್ಕು ಸಾಕಿರೋರು ಓದ್ಲಿ ಅಂತ.

ಚಿಕ್ಕಿ ಸಕಲೇಶಪುರ: ಗುಂಡ ಬೆಳಗ್ಗೆಯಿಂದ ಮರಳಿನ ಟ್ರೇಗೆ ಹೋಗೋದು, ಕೂರೋದು, ಎದ್ದು ಬರೋದು, ಮತ್ತೆ ಹೋಗೋದು ಇದೇ ಆಗಿದೆ. ತಿಣುಕ್ತಾನೆ, ಒಂಥರಾ ದನಿ ತೆಗೆದು ಕೂಗ್ತಾನೆ. ಮೋಷನ್ ಗಟ್ಟಿಯಾಗಿರ್ಬೋದಾ? ಯಾರಿಗಾದ್ರೂ ಗೊತ್ತಾ

ದೊಡ್ಡಪ್ಪ ತೋಟ (ಫಾರ್ವರ್ಡ್): ಬೆಕ್ಕಿಗೆ ಮೂತ್ರ ಕಟ್ಟಿದರೆ ಗಾಬರಿ ಬೇಡ. ಬಾಳೆದಿಂಡಿನ ರಸ ದಿನಕ್ಕೆ ಮೂರು ಸಲ, ಬಾರ್ಲಿ ನೀರು, ಎಳನೀರು ಕುಡಿದಷ್ಟು. ನೋವಿದ್ದರೆ ಕಾಲು ಪ್ಯಾರಾಸಿಟಮಾಲ್ ಮಾತ್ರೆ ಹಾಲಲ್ಲಿ ಅರೆದು ಕೊಡಿ. ಮೂರು ದಿನದಲ್ಲಿ ತಾನೇ ಸರಿಹೋಗುತ್ತದೆ. ಎಲ್ಲರಿಗೂ ಶೇರ್ ಮಾಡಿ.

ದೊಡ್ಡಪ್ಪ ತೋಟ: ಯಾರೋ ಡಾಕ್ಟ್ರೇ ಬರ್ದಿರದು ಕಣಮ್ಮ. ನಮ್ಮಲ್ಲಿ ದಿಂಡು ಬೇಕಾದಷ್ಟೈತೆ, ಹುಡುಗನ ಕೈಲಿ ಕಳಿಸ್ಲಾ

ಅತ್ತೆ ಬೇಲೂರು: ಹೌದು ಬಾರ್ಲಿ ನೀರು ಒಳ್ಳೇದು. ನಮ್ಮ ಚುಕ್ಕಿಗೂ ಹೋದ್ವರ್ಷ ಹಿಂಗೇ ಆಗಿತ್ತು, ನಾಕು ದಿನ ಕೊಟ್ಟೆ ಸರಿಹೋಯ್ತು

ನಾನು: ಚಿಕ್ಕಿ ಏನೂ ಕೊಡ್ಬೇಡ. ಆ ಮಾತ್ರೆಯಂತೂ ಮುಟ್ಲೇಬೇಡ. ಟ್ರೇಲಿ ಮರಳು ಒದ್ದೆಯಾಗಿ ಉಂಡೆ ಕಟ್ಟಿದ್ಯಾ ಹೋಗಿ ನೋಡು. ಕೊನೆಗೆ ಉಚ್ಚೆ ಮಾಡಿದ್ದು ಯಾವಾಗ?

ಚಿಕ್ಕಿ ಸಕಲೇಶಪುರ: ಒಂದೂ ಉಂಡೆ ಇಲ್ಲ. ಒಂದು ಮೂಲೇಲಿ ಎರಡು ಹನಿ ಬಿದ್ದಂಗಿದೆ, ಕೆಂಪಗೆ. ನಿನ್ನೆ ರಾತ್ರಿ ಮಾಡಿದ್ನೋ ಇಲ್ವೋ ಗಮನಿಸ್ಲಿಲ್ಲ. ಅಲ್ಲೇ ನೆಕ್ಕೊಂಡು ಕೂತಿದಾನೆ. ಮಧ್ಯಾಹ್ನ ಒಂದ್ಸಲ ವಾಂತಿ ಮಾಡ್ದ

ನಾನು: ಹಾಸನಕ್ಕೆ ಹೊರಡು ಚಿಕ್ಕಿ. ಈಗ್ಲೇ. ಬೆಳಗ್ಗೆ ತನಕ ಕಾಯ್ಬೇಡ

ಅಣ್ಣ ಬೆಂಗ್ಳೂರು: ಅಷ್ಟೊಂದು ಯಾಕೆ ಹೆದರಿಸ್ತೀಯ ಅವರನ್ನ. ಈ ಮಳೇಲಿ, ಕತ್ತಲಲ್ಲಿ, 40 ಕಿಲೋಮೀಟರ್. ಯೂರಿನ್ ಇನ್ಫೆಕ್ಷನ್ ತಾನೆ, ಮೆಡಿಕಲಲ್ಲಿ ಒಂದು ಆಂಟಿಬಯಾಟಿಕ್ ತಗೊಂಡು ನಾಳೆ ತೋರಿಸಿದ್ರಾಯ್ತು. ದೊಡ್ಡಪ್ಪ ಒಳ್ಳೇದಕ್ಕೇ ಹಾಕಿದಾರೆ, ದೊಡ್ಡೋರಿಗೆ ಹಂಗೆ ಎದುರು ಮಾತಾಡ್ಬೇಡ

ನಾನು: ಅಣ್ಣ, ದೊಡ್ಡಪ್ಪ ಒಳ್ಳೇ ಮನಸಿಂದ ಹಾಕಿದಾರೆ ಅಂತ ನಂಗೂ ಗೊತ್ತು, ನಾನು ಎದುರಾಡ್ತಾ ಇರೋದು ಅವರಿಗಲ್ಲ ಆ ಮೆಸೇಜಿಗೆ. ನಮ್ಮ ಬೆಕ್ಕು ಕೆಂಚ ಹೋಗಿದ್ದು ನಿಮಗೆಲ್ಲ ನೆನಪಿದೆ, ಹೆಂಗೆ ಹೋದ ಅಂತ ಮಾತ್ರ ನಾನು ಯಾರಿಗೂ ಪೂರ್ತಿ ಹೇಳಿರ್ಲಿಲ್ಲ. ಅವನೂ ಹಿಂಗೇ ಟ್ರೇಲಿ ಕೂತು ತಿಣುಕ್ತಿದ್ದ, ನಾನೂ ಚಿಕ್ಕಿ ಥರಾನೇ ಮೋಷನ್ ಗಟ್ಟಿ ಅಂದ್ಕೊಂಡು ಹಾಲಿಗೆ ಹರಳೆಣ್ಣೆ ಹಾಕಿ ಕುಡಿಸ್ದೆ, ಒಂದೂವರೆ ದಿನ ಹಂಗೇ ಕಳೀತು. ಎರಡನೇ ರಾತ್ರಿ ಕೂಗೋದು ನಿಲ್ಲಿಸ್ದ, ಆರಾಮಾಯ್ತು ಅಂದ್ಕೊಂಡು ನಾನು ಮಲಗ್ದೆ. ಬೆಳಗ್ಗೆ ನೋಡಿದ್ರೆ ಬಚ್ಚಲು ಒಲೆ ಹತ್ರ ಚಾಚ್ಕೊಂಡು ಬಿದ್ದಿದ್ದ, ಕಿವಿ ತಣ್ಣಗೆ, ಎತ್ತಿಕೊಂಡಾಗ ಕೆಳಹೊಟ್ಟೇಲಿ ನಿಂಬೆಹಣ್ಣಿನ ಥರ ಗಟ್ಟಿಯಾಗಿ ಉಂಡೆ ಸಿಕ್ತು ಕೈಗೆ. ಅದು ಮೂತ್ರಚೀಲ. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಹೃದಯದ ಬಡಿತ ಬಿದ್ದೋಗಿತ್ತು. ಡಾಕ್ಟ್ರು ಬೈಲಿಲ್ಲ, ನಿನ್ನೆ ಬಂದಿದ್ರೆ ಅಂದ್ರು ಅಷ್ಟೆ. ಆ ಮಾತು ಇವತ್ತಿಗೂ ನನ್ನ ಬಿಟ್ಟಿಲ್ಲ.

ಗಂಡು ಬೆಕ್ಕಿನ ಮೂತ್ರನಾಳ ಕೊನೇಲಿ ತುಂಬಾ ಸಣ್ಣ. ಸಣ್ಣ ಹರಳು, ಲೋಳೆ ಎಲ್ಲ ಸೇರಿ ಬಿರಡೆ ಥರ ಅಲ್ಲಿ ಕೂತ್ಕೊಳ್ಳುತ್ತೆ. ಪೂರ್ತಿ ಕಟ್ಟಿದ್ರೆ ಒಂದೆರಡು ದಿನದಲ್ಲೇ ಕಿಡ್ನಿ ಕೆಲಸ ನಿಲ್ಲಿಸುತ್ತೆ, ಹೊರಗೆ ಹೋಗ್ಬೇಕಾದ ಪೊಟ್ಯಾಷಿಯಂ ರಕ್ತದಲ್ಲೇ ಉಳಿದು ಏರುತ್ತೆ, ಅದು ಏರಿದ್ರೆ ಹೃದಯ ನಿಲ್ಲುತ್ತೆ. ಆ ಮೆಸೇಜು ಮೂರು ದಿನ ಕಾಯಿರಿ ಅನ್ನುತ್ತೆ. ಮೂರು ದಿನ ಅಂದ್ರೆ ಸಾಯೋ ಹೊತ್ತು ಅಣ್ಣ

ಚಿಕ್ಕಿ ಸಕಲೇಶಪುರ: ಅಯ್ಯೋ ದೇವ್ರೇ. ಇವರು ಕಾರು ತೆಗೀತಾ ಇದಾರೆ. ಹೆಂಗೆ ಕರ್ಕೊಂಡು ಹೋಗ್ಲಿ, ಹೊಟ್ಟೆ ಸ್ವಲ್ಪ ಒತ್ತಿ ನೋಡ್ಲಾ

ನಾನು: ಒತ್ತಲೇಬೇಡ, ತುಂಬಿರೋ ಚೀಲ ಒಳಗೇ ಒಡೆದುಹೋಗ್ಬೋದು. ಬುಟ್ಟಿಗೆ ಟವಲ್ ಹಾಕಿ ಕೂರಿಸು, ಮೇಲೊಂದು ಬಟ್ಟೆ ಮುಚ್ಚು. ಹೊಟ್ಟೆಗೆ ಏನೂ ಬೇಡ, ಅರಿವಳಿಕೆ ಕೊಡ್ಬೇಕಾಗುತ್ತೆ. ಹೊರಡೋ ಮುಂಚೆ ಕ್ಲಿನಿಕ್ಕಿಗೆ ಫೋನ್ ಮಾಡಿ "ಗಂಡು ಬೆಕ್ಕು, ಉಚ್ಚೆ ಕಟ್ಟಿದೆ, ಕ್ಯಾತಿಟರ್ ಹಾಕ್ತೀರಾ" ಅಂತ ಇಷ್ಟೇ ಕೇಳು, ಕ್ಯಾತಿಟರ್ ಅಂದ್ರೆ ಮೂತ್ರನಾಳಕ್ಕೆ ಹಾಕೋ ಸಣ್ಣ ಕೊಳವೆ. ಹಾಸನದಲ್ಲಿ ವೆಟರ್ನರಿ ಕಾಲೇಜಿದೆ, ಆದ್ರೆ ಭಾನುವಾರ ಈ ಹೊತ್ತಲ್ಲಿ ಯಾರಿರ್ತಾರೆ ಅಂತ ವಿಚಾರಿಸ್ದೆ ಹೋಗ್ಬೇಡ, ನಾನೂ ಇಲ್ಲಿಂದ ಫೋನ್ ಮಾಡ್ತಾ ಇದೀನಿ

ದೊಡ್ಡಪ್ಪ ತೋಟ: ನೋಡು ಮಗ, ನಾನು ದನಕರ ಸಾಕಿ ಐವತ್ತು ವರ್ಷ ಆಯ್ತು. ಹೋರಿಗೂ ಉಚ್ಚೆ ಕಟ್ತದೆ. ದಿಂಡಿನ ರಸಕ್ಕೆ ಕಲ್ಲು ಕರಗ್ತದೆ ಅಂತ ನಮ್ಮಪ್ಪನ ಕಾಲದಿಂದ ಕೇಳಿದೀವಿ. ಕೊತ್ತಿಗೆ ಅಂತ ರಾತ್ರಿ ಹೊತ್ತು ಘಟ್ಟದ ಮಳೇಲಿ ಕಾರು ತೆಗಿಯದು ನಂಗ್ಯಾಕೋ ಸರಿ ಕಾಣಕಿಲ್ಲ

ಅತ್ತೆ ಬೇಲೂರು: ಎಷ್ಟಾಗುತ್ತೋ ಏನೋ ದುಡ್ಡು ಬೇರೆ

ನಾನು: ದುಡ್ಡು ನಾನು ಹಾಕ್ತೀನಿ ಅತ್ತೆ, ಚಿಕ್ಕಿ ಅದರ ಯೋಚನೆ ಮಾಡೋದು ಬೇಡ.

ದೊಡ್ಡಪ್ಪ, ನೀವು ಮಳೆ ಹಿಡಿಯೋ ಮುಂಚೆ ಕಾಫಿಗೆ ಬೋರ್ಡೋ ಸುಣ್ಣದ ದ್ರಾವಣ ಹೊಡೆಸ್ತೀರಲ್ಲ, ಸುಣ್ಣ ಸರಿಯಾಗಿ ಸೋಸದೇ ಇದ್ರೆ ನಾಜಲ್ ಕಟ್ಕೊಳ್ಳುತ್ತೆ. ಆಗ ಏನ್ ಮಾಡ್ತೀರ? ಡ್ರಮ್ಮಿಗೆ ಇನ್ನೂ ನೀರು ಹಾಕಿ ಪಂಪು ಒತ್ತಿಸ್ತೀರಾ? ಪೈಪೇ ಕಿತ್ತೋಗುತ್ತೆ. ನಾಜಲ್ ಬಿಚ್ಚಿ ತಂತಿ ಹಾಕಿ ಸುಣ್ಣದ ಚೂರು ತೆಗೀತೀರ. ಗುಂಡನಿಗೂ ಈಗ ಬೇಕಿರೋದು ಅದೇ, ಅರಿವಳಿಕೆ ಕೊಟ್ಟು ಸಣ್ಣ ಕೊಳವೆ ಹಾಕಿ ಸಲೈನ್ ಬಿಟ್ಟು ಆ ಬಿರಡೆ ಬಿಡಿಸೋದು. ದಿಂಡಿನ ರಸ, ಬಾರ್ಲಿ ನೀರು ಎಲ್ಲ ಬಾಯಿಂದ ಹೋಗಿ ಮತ್ತೆ ಉಚ್ಚೆಯಾಗಿ ಅದೇ ಚೀಲಕ್ಕೆ ತಾನೆ ಬರ್ಬೇಕು, ಅದಕ್ಕೆ ಬಾಗಿಲೇ ಮುಚ್ಚಿದೆಯಲ್ಲ ದೊಡ್ಡಪ್ಪ. ಎಳನೀರಂತೂ ಬೇಡವೇ ಬೇಡ, ಅದರ ತುಂಬ ಪೊಟ್ಯಾಷಿಯಮ್ಮೇ, ಈಗಾಗಲೇ ಏರಿರೋದರ ಮೇಲೆ ಏರಿಸಿದಂಗೆ. ಹೋರಿಗೆ ಕಟ್ಟಿದಾಗ ನೀವೂ ಡಾಕ್ಟ್ರನ್ನ ಕರೆಸಿದ್ರಿ, ಜೀಪಲ್ಲಿ ಹೋಗಿ ನೀವೇ ಕರ್ಕೊಂಡು ಬಂದಿದ್ದು ನಾನು ಚಿಕ್ಕೋಳಿದ್ದಾಗ ನೋಡಿದೀನಿ.

ಮಾತ್ರೆ ವಿಷಯ ಎಲ್ಲರೂ ಓದಿ ದಯವಿಟ್ಟು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನ ಪಳಗಿಸಿ ಹೊರಗೆ ಕಳಿಸುತ್ತೆ, ಬೆಕ್ಕಿನ ಲಿವರಲ್ಲಿ ಆ ಶಕ್ತಿ ತುಂಬಾ ಕಮ್ಮಿ. ರಕ್ತ ಉಸಿರು ಹೊರೋದನ್ನೇ ಬಿಡುತ್ತೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಪಾದ ಊದ್ಕೊಳ್ಳುತ್ತೆ. ಒಂದೇ ಒಂದು ಮಾತ್ರೆ ಸಾಕು ಸಾಯೋಕೆ, ಅದಕ್ಕಿಂತ ಕಮ್ಮೀಲೂ ಅಪಾಯ. ಕಾಲು ಮಾತ್ರೆ ತಾನೆ ಅನ್ಬೇಡಿ

ಅತ್ತೆ ಬೇಲೂರು: ಹಂಗಾದ್ರೆ ನಮ್ಮ ಚುಕ್ಕಿ ಹೆಂಗೆ ಸರಿಹೋದ್ಲು ಹೇಳು. ನಾನೇನು ಸುಳ್ಳು ಹೇಳ್ತಿದೀನಾ

ನಾನು: ನೀವು ಸುಳ್ಳು ಹೇಳ್ತಿಲ್ಲ ಅತ್ತೆ, ಚುಕ್ಕಿಗೆ ಆಗಿದ್ದು ಬೇರೆ ಕಾಯಿಲೆ, ಈ ಗೊಂದಲದಿಂದಲೇ ಇಂಥ ಮೆಸೇಜುಗಳು ಓಡಾಡ್ತಾ ಇರೋದು. ಚುಕ್ಕಿ ಹೆಣ್ಣು, ಹೆಣ್ಣು ಬೆಕ್ಕಿನ ನಾಳ ಅಗಲ, ಗಿಡ್ಡ, ಕಟ್ಟೋದು ಅಪರೂಪ. ಅವಳಿಗೆ ಮೂತ್ರಚೀಲದಲ್ಲಿ ಉರಿಯೂತ ಆಗಿತ್ತು ಅನ್ಸುತ್ತೆ, ಸ್ವಲ್ಪ ಸ್ವಲ್ಪ ಮಾಡ್ತಿದ್ಲು ಅಂತ ಆಗ ನೀವೇ ಹೇಳಿದ್ರಿ. ಎಳೇ ವಯಸ್ಸಿನ, ನಡುವಯಸ್ಸಿನ ಬೆಕ್ಕುಗಳಿಗೆ ಹೆಚ್ಚಾಗಿ ಬರೋದು ಇದೇ, ಇಂಥದ್ದೇ ಕಾರಣ ಅಂತ ಒಂದಿರಲ್ಲ, ಹೆದರಿಕೆ, ಮನೇಲಿ ಏನೋ ಬದಲಾವಣೆ, ಇಂಥವಕ್ಕೆಲ್ಲ ಕೆರಳುತ್ತೆ, ಸುಮಾರು ಒಂದು ವಾರದಲ್ಲಿ ತಾನಾಗೇ ಇಳಿಯುತ್ತೆ. ಬಾರ್ಲಿ ನೀರು ಕೊಟ್ರೂ ಇಳಿಯುತ್ತೆ, ಕೊಡದಿದ್ರೂ ಇಳಿಯುತ್ತೆ, ಹೆಸರು ಮಾತ್ರ ಬಾರ್ಲಿಗೆ ಬರುತ್ತೆ. ಅದೇ ನಂಬಿಕೆ ಮೇಲೆ ಗಂಡು ಬೆಕ್ಕಿಗೂ ಕಾದ್ರೆ ಕೆಂಚನಿಗಾದಂಗೆ ಆಗುತ್ತೆ.

ಅಣ್ಣ, ಆಂಟಿಬಯಾಟಿಕ್ ವಿಷಯಾನೂ ಅಷ್ಟೇ, ವಯಸ್ಸಾಗಿಲ್ಲದ ಬೆಕ್ಕಿಗೆ ಉಚ್ಚೆ ತೊಂದರೆ ಬಂದಾಗ ಕ್ರಿಮಿ ಕಾರಣ ಆಗಿರೋದು ಕಮ್ಮಿ. ಗುಂಡನಿಗಿನ್ನೂ ನಾಲ್ಕು ವರ್ಷ. ಉಚ್ಚೆ ಪರೀಕ್ಷೆ ಮಾಡ್ದೆ ಆ ಮಾತ್ರೆ ಬೇಡ

ಅಣ್ಣ ಬೆಂಗ್ಳೂರು: ಸರಿ. ಇನ್ಫೆಕ್ಷನ್ನೇ ಅಂದ್ಕೊಂಡಿದ್ದೆ. ಚಿಕ್ಕಿ ಎಲ್ಲಿದೀರ ಈಗ

ಚಿಕ್ಕಿ ಸಕಲೇಶಪುರ: ಆಲೂರು ದಾಟಿದ್ವಿ. ಮಳೆ ಸ್ವಲ್ಪ ಬಿಟ್ಟಿದೆ. ಕೂಗ್ತಾನೇ ಇದಾನೆ ಪಾಪ

ನಾನು: ಕೂಗ್ಲಿ ಚಿಕ್ಕಿ, ಅವನು ಕೂಗ್ತಾ ಇದ್ರೆ ನಂಗೆ ಧೈರ್ಯ. ನಾನು ಕ್ಲಿನಿಕ್ಕಿಗೆ ಫೋನ್ ಮಾಡ್ದೆ, ಡಾಕ್ಟ್ರು ಬಂದಿದಾರೆ

(ರಾತ್ರಿ ಹತ್ತೂ ಮುಕ್ಕಾಲು)

ಚಿಕ್ಕಿ ಸಕಲೇಶಪುರ: ಆಯ್ತು. ಬಿಡಿಸಿದ್ರು. ಕೊಳವೆ ಒಳಗೆ ಹೋಗಿದ್ದೇ ತಡ ಕಾಫಿ ಡಿಕಾಕ್ಷನ್ ಥರ ರಕ್ತ ಕಲೆತ ಉಚ್ಚೆ ಬಂತು, ಬರ್ತಾನೇ ಇತ್ತು. ಜೊತೇಲಿ ಮರಳಿನ ಥರ ಪುಡಿ, ಡಾಕ್ಟ್ರು ಬೆರಳ ಮೇಲೆ ಹಾಕಿ ತೋರಿಸಿದ್ರು, ಕೈಗೆ ಗರಗರ ಅನ್ನುತ್ತೆ. ಪೊಟ್ಯಾಷಿಯಂ ಏರೋಕೆ ಶುರುವಾಗಿತ್ತಂತೆ. ಕ್ಯಾತಿಟರ್ ಹಂಗೇ ಬಿಟ್ಟು ಡ್ರಿಪ್ ಹಾಕಿದಾರೆ, ಎರಡು ದಿನ ಇಲ್ಲೇ ಇರ್ಬೇಕು ಅಂದ್ರು. ಕೈ ಇನ್ನೂ ನಡುಗ್ತಾ ಇದೆ ಕಣೇ

ಅತ್ತೆ ಬೇಲೂರು: ರಾಯರು ಕಾಪಾಡಿದ್ರು

ದೊಡ್ಡಪ್ಪ ತೋಟ: ಕೊತ್ತಿ ಉಳೀತಲ್ಲ ಬುಡು ಸದ್ಯ. ಆ ಮೆಸೇಜ್ನ ನಮ್ಮ ಬೆಳೆಗಾರರ ಗುಂಪಿಗೂ ಹಾಕ್ಬುಟ್ಟಿದೀನಿ ಮಗ, ಈಗ ಏನ್ಮಾಡದು

ನಾನು: ಅಲ್ಲಿ ಡಿಲೀಟ್ ಮಾಡಿ ಸುಮ್ಮನಾಗ್ಬೇಡಿ ದೊಡ್ಡಪ್ಪ, ಅಷ್ಟೊತ್ತಿಗೆ ಓದಿರ್ತಾರೆ. ಗಂಡು ಬೆಕ್ಕು ಉಚ್ಚೆ ಮಾಡ್ದೆ ತಿಣುಕ್ತಾ ಇದ್ರೆ ಅದೇ ದಿನ ಆಸ್ಪತ್ರೆ, ಪ್ಯಾರಾಸಿಟಮಾಲ್ ಯಾವ ಕಾರಣಕ್ಕೂ ಬೇಡ ಅಂತ ನಿಮ್ಮ ಹೆಸರಲ್ಲೇ ವಾಯ್ಸ್ ಮೆಸೇಜ್ ಹಾಕಿ. ನಿಮ್ಮ ದನಿ ಕೇಳಿದ್ರೆ ಎಲ್ಲರೂ ನಂಬ್ತಾರೆ

ದೊಡ್ಡಪ್ಪ ತೋಟ: ಹಾಕ್ತೀನಿ

ಚಿಕ್ಕಿ ಸಕಲೇಶಪುರ: ಇದು ಅವನಿಗೆ ಯಾಕೆ ಬಂತು ಅಂತಾನೇ ಗೊತ್ತಾಗ್ಲಿಲ್ಲ ನಂಗೆ. ನಾನೇನು ಕಮ್ಮಿ ನೋಡ್ಕೊಂಡೆ

ನಾನು: ಕಮ್ಮಿ ನೋಡ್ಕೊಂಡಿಲ್ಲ ಚಿಕ್ಕಿ, ಹಂಗೆ ಅಂದ್ಕೋಬೇಡ. ಎರಡು ವಾರದಿಂದ ನಿಮ್ಮಲ್ಲಿ ಮಳೆ ಬಿಟ್ಟಿಲ್ಲ, ಅವನು ದಿನಾ ಏಲಕ್ಕಿ ಗಿಡದ ಬುಡದಲ್ಲಿ ಮಣ್ಣು ಕೆರೆದು ಹೋಗ್ತಿದ್ದೋನು. ಈಗ ಹೊರಗೆ ಕಾಲಿಡಲ್ಲ, ಒಳಗಿನ ಟ್ರೇ ಅವನಿಗೆ ಒಗ್ಗಿಲ್ಲ, ಅದೂ ಬಾಗಿಲ ಪಕ್ಕ, ಆಳುಗಳು ಓಡಾಡೋ ಜಾಗ, ತಡ್ಕೊಂಡು ತಡ್ಕೊಂಡು ಇರ್ತಾನೆ. ಕಾಳಿನ ಥರ ಇರೋ ಒಣ ಕ್ಯಾಟ್ ಫುಡ್ ಬಿಟ್ಟು ಬೇರೇನೂ ತಿನ್ನಲ್ಲ, ಚಳೀಲಿ ನೀರಂತೂ ಮೂಸೋದೂ ಇಲ್ಲ. ಬೆಕ್ಕಿನ ವಂಶ ಮೂಲದಲ್ಲಿ ಮರುಭೂಮಿ ಕಡೇದು, ಬಾಯಾರಿಕೆ ಕಮ್ಮಿ, ಉಚ್ಚೇನೂ ಗಟ್ಟಿ. ಜೊತೆಗೆ ದಪ್ಪ ಆಗಿದಾನೆ. ಎಲ್ಲ ಒಟ್ಟಿಗೆ ಸೇರ್ಕೊಂಡಿರ್ಬೋದು.

ಮನೆಗೆ ಬಂದ ಮೇಲೆ ನೀರಿನಂಶ ಇರೋ ಒದ್ದೆ ಕ್ಯಾಟ್ ಫುಡ್ಡಿಗೆ ತಿರುಗಿಸು, ಅದಕ್ಕೂ ಎರಡು ಚಮಚ ಬಿಸಿನೀರು ಬೆರೆಸು. ಉಪ್ಪಿನ ಒಣಮೀನು ಕೊಡ್ಬೇಡ. ನೀರು ಮೂರು ಕಡೆ ಅಗಲವಾದ ಬಟ್ಟಲಲ್ಲಿಡು. ಟ್ರೇ ಎರಡು ಮಾಡು, ಒಂದು ಬಾಗಿಲಿಂದ ದೂರ, ಆ ಉಗ್ರಾಣದ ಮೂಲೇಲಿ. ನಾಳೆ ಡಾಕ್ಟ್ರನ್ನ ಮರೀದೆ ಕೇಳು, ಆ ಪುಡಿ ಯಾವ ಹರಳು ಅಂತ, ಸ್ಟ್ರೂವೈಟ್ ಆದ್ರೆ ಅದಕ್ಕಂತಲೇ ಮಾಡಿರೋ ಆಹಾರದಲ್ಲಿ ಕರಗುತ್ತೆ, ಕ್ಯಾಲ್ಸಿಯಂ ಆಕ್ಸಲೇಟ್ ಆದ್ರೆ ಕರಗಲ್ಲ. ಚೀಲದಲ್ಲಿ ಕಲ್ಲಿದ್ಯಾ ಅಂತ ಎಕ್ಸ್‌ರೇ ಮಾಡ್ಸು. ಕೊಳವೆ ತೆಗೆದ ಮೊದಲ ವಾರ ಮತ್ತೆ ಕಟ್ಟೋ ಭಯ ಇದ್ದೇ ಇರುತ್ತೆ

ಚಿಕ್ಕಿ ಸಕಲೇಶಪುರ: ಬರ್ಕೊಂಡೆ. ಉಂಡೆ ಲೆಕ್ಕ ದಿನಾ ಈ ಗ್ರೂಪಲ್ಲೇ ಹಾಕ್ತೀನಿ

(ಬುಧವಾರ ಬೆಳಗ್ಗೆ)

ಚಿಕ್ಕಿ ಸಕಲೇಶಪುರ: ರಾತ್ರಿಯಿಂದ ಮೂರು ಉಂಡೆ. ಒಂದು ಕಿತ್ತಳೆ ಗಾತ್ರ. ಈಗ ಉಗ್ರಾಣದಲ್ಲಿ ಗೋಣಿಚೀಲದ ಮೇಲೆ ಮಲಗಿದಾನೆ