ಅಮ್ಮ ನಡುರಾತ್ರಿ ಒಬ್ಬರೇ ಇಳಿಯುತ್ತಾರೆ, ಯಾವ ಟ್ಯಾಕ್ಸಿಯನ್ನು ನಂಬಲಿ?

ಮಸ್ಕತ್ ಮಗ:
ತಂಗಿಯ ಬಾಣಂತನ ಮುಗಿಸಿ ಅಮ್ಮ ಶುಕ್ರವಾರ ರಾತ್ರಿ ವಿಮಾನದಲ್ಲಿ ದಿಲ್ಲಿಯಿಂದ ಬೆಂಗಳೂರಿಗೆ ಬರುತ್ತಾರೆ. ವಯಸ್ಸು 67, ಕೈಯಲ್ಲಿ ಗುಂಡಿ ಒತ್ತುವ ಹಳೆಯ ಮೊಬೈಲ್, ಮನೆ ಬನಶಂಕರಿ. ನಾನಿರುವುದು ಮಸ್ಕತ್‌ನಲ್ಲಿ.

ಹೋದ ವರ್ಷ ನಾನೇ ಮೋಸಹೋಗಿದ್ದೆ, ಅದಕ್ಕೇ ಈ ಭಯ. ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಒಬ್ಬ ‘ಬನ್ನಿ ಸಾರ್, ಎಂಟುನೂರಕ್ಕೆ ಬಿಡುತ್ತೇವೆ’ ಎಂದವನೇ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ. ಪಾರ್ಕಿಂಗ್‌ನ ಕೊನೆಯ ಸಾಲಿನಲ್ಲಿ ಬಿಳಿ ನಂಬರ್ ಬೋರ್ಡಿನ ಕಾರು, ಓಡಿಸುವವನು ಇನ್ನೊಬ್ಬ. ಹೆಬ್ಬಾಳ ಬರುವಷ್ಟರಲ್ಲಿ ಟೋಲ್, ಪಾರ್ಕಿಂಗ್, ರಾತ್ರಿ ಬಾಡಿಗೆ ಎಂದು ಲೆಕ್ಕ ಎರಡು ಸಾವಿರ ಮುಟ್ಟಿತು. ಸೂಟ್‌ಕೇಸು ಡಿಕ್ಕಿಯಲ್ಲಿತ್ತು. ಕೊಟ್ಟೆ.

ಹಳದಿ ಬೋರ್ಡು:
ನಾನು ಟ್ಯಾಕ್ಸಿ ಓಡಿಸುವವನು, ಹನ್ನೊಂದು ವರ್ಷದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಓಡಾಟ. ಬಾಗಿಲಲ್ಲಿ ನಿಂತು ಕರೆಯುವವನು ಚಾಲಕನಲ್ಲ ಸ್ವಾಮಿ, ದಲ್ಲಾಳಿ. ಸರದಿಯಲ್ಲಿ ನಿಂತ ಗಾಡಿ ಬಿಟ್ಟು ನಾವು ಅಲ್ಲಿಗೆ ಬಂದು ಗಿರಾಕಿಯ ಚೀಲ ಎಳೆಯಲು ಸಾಧ್ಯವೇ?

ಬಿಳಿ ಬೋರ್ಡು ಸ್ವಂತ ಬಳಕೆಯ ಗಾಡಿಗೆ, ಅದನ್ನು ಬಾಡಿಗೆಗೆ ಓಡಿಸುವಂತಿಲ್ಲ. ಟ್ಯಾಕ್ಸಿಗೆ ಹಳದಿ ಬೋರ್ಡು, ಕಪ್ಪು ಅಕ್ಷರ. ವಿದ್ಯುತ್ ಕಾರಾದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ. ಹಸಿರು ಕಂಡು ಅಮ್ಮ ಗಾಬರಿಯಾಗದಿರಲಿ.

ದಿಲ್ಲಿಯಿಂದ ತಂಗಿಯೇ ಆಪ್‌ನಲ್ಲಿ ಬುಕ್ ಮಾಡಲಿ, ಆದರೆ ಅಮ್ಮನ ಕೈಗೆ ಬ್ಯಾಗು ಬಂದ ಮೇಲೆ. ಮೊದಲೇ ಮಾಡಿದರೆ ಕಾಯುವ ಹಣ ಬೀಳುತ್ತದೆ, ನಮಗೂ ತಲೆಬಿಸಿ. ಗಾಡಿಯ ನಂಬರು, ಒಟಿಪಿ ಎರಡನ್ನೂ ಫೋನಿನಲ್ಲಿ ಹೇಳಲಿ. ಗಾಡಿ ಎದುರು ಬಂದಾಗ ಅಮ್ಮ ಹೆಸರು ಹೇಳಬಾರದು, ‘ಯಾರ ಹೆಸರಿಗೆ ಬಂದಿದ್ದೀಯಪ್ಪ?’ ಎಂದು ಕೇಳಬೇಕು. ತಂಗಿಯ ಹೆಸರು ಅವನ ಬಾಯಿಂದಲೇ ಬರಲಿ.

ಇನ್ನೊಂದು, ಹೇಳಲು ನಾಚಿಕೆ: ‘ಬುಕಿಂಗ್ ರದ್ದು ಮಾಡಿ, ಕಡಿಮೆಗೆ ಬರುತ್ತೇನೆ’ ಎನ್ನುವವರು ನಮ್ಮವರಲ್ಲೇ ಇದ್ದಾರೆ. ಒಪ್ಪಬೇಡಿ. ರದ್ದಾದರೆ ಅಮ್ಮ ಯಾವ ಗಾಡಿಯಲ್ಲಿ, ಎಲ್ಲಿದ್ದಾರೆ ಎಂಬುದು ತಂಗಿಯ ಮೊಬೈಲಿನಲ್ಲಿ ಕಾಣುವುದಿಲ್ಲ.

ಬಸ್ಸಿನ ಸುಮಾ:
ಆಪ್‌ನ ರಗಳೆ ಬೇಡವೆಂದರೆ ವಿಮಾನ ನಿಲ್ದಾಣದಲ್ಲೇ ಕೆಎಸ್‌ಟಿಡಿಸಿ (ರಾಜ್ಯ ಪ್ರವಾಸೋದ್ಯಮ ನಿಗಮ) ಟ್ಯಾಕ್ಸಿ ಸಿಗುತ್ತದೆ. ಮೀಟರ್ ಹಾಕಿಸಿಕೊಳ್ಳಲಿ, ಟೋಲ್ ಬೇರೆಯೇ ಎಂದು ಹತ್ತುವ ಮೊದಲೇ ಕೇಳಲಿ. ನಾನಂತೂ ವಿಮಾನ ನಿಲ್ದಾಣದ ಬಿಎಂಟಿಸಿ ಬಸ್ಸು ವಾಯುವಜ್ರದವಳು, ಅದರಲ್ಲಿ ಕೆಐಎ-5 ನಂಬರಿನದು ಬನಶಂಕರಿಗೇ ಹೋಗುತ್ತದೆ. ಆದರೆ ಆ ಹೊತ್ತಿನಲ್ಲಿ ಬಸ್ ನಿಲ್ದಾಣದಿಂದ ಮನೆಗೆ ಮತ್ತೆ ಆಟೋ ಹುಡುಕಬೇಕು, ನಿಮ್ಮ ಅಮ್ಮನಿಗೆ ಬೇಡ. ಅವರ ಮೊಬೈಲಿನಿಂದಲೂ ತುರ್ತು ಸಹಾಯದ 112ಕ್ಕೆ ಕರೆ ಹೋಗುತ್ತದೆ, ತಿಳಿಸಿಡಿ.

ಮಸ್ಕತ್ ಮಗ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಗಾಡಿಯ ಕೊನೆಯ ನಾಲ್ಕು ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಳ್ಳುತ್ತಾರಂತೆ. ಪೆನ್ನನ್ನು ಈಗಲೇ ಪರ್ಸಿನಲ್ಲಿ ಹಾಕಿಟ್ಟಿದ್ದಾರೆ. ಆಮೇಲೆ ಕೇಳಿದರು: ‘ಆ ಹಳದಿ ಬೋರ್ಡಿನವರೇ ಬರಲಾಗುತ್ತದೆಯೇ, ಕೇಳೋ.’